ಹನುಮಸಾಗರದ ಬಾಟಲಿ, ಕಾಖೇತಿಯ ಮೂಗು

ಹನುಮಸಾಗರ

ನಾನು ದ್ರಾಕ್ಷಿ ಬೆಳೆಯುವವನೇ ಹೊರತು ಕುಡಿಯುವವನಲ್ಲ ಎಂದು ಮೊದಲೇ ಬರೆದುಬಿಟ್ಟರೆ ನಮ್ಮ ಓಣಿಯ ಹಿರಿಯರಿಗೆ ಸಮಾಧಾನವಾಗುತ್ತದೆ. ಆದರೆ ತಿಬಿಲಿಸಿಯ ಏರುದಾರಿಯಲ್ಲಿ ನನ್ನನ್ನು ಹೆಗಲು ಕೊಟ್ಟು ನಡೆಸಬೇಕಾಗಿ ಬಂದದ್ದನ್ನೂ ಮುಂದೆ ಬರೆಯಲೇಬೇಕು. ಹಾಗಾಗಿ ಆ ಸುಳ್ಳು ಇಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ.

ಹನುಮಸಾಗರದ ಗುಡ್ಡದ ಕೆಳಗೆ ನಮ್ಮದು ನಾಲ್ಕು ಎಕರೆ ಮಸಾರಿ ಹೊಲ. ಅದರ ಅರ್ಧಕ್ಕೆ ಶಿರಾಜ್ ಎಂಬ ವೈನ್ ದ್ರಾಕ್ಷಿ ಹಚ್ಚಿ ಒಂಬತ್ತು ವರ್ಷವಾಯಿತು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ತೋಟ ನೋಡಲು ಬಂದ ಬೀಗರು ಎರಡು ಹಣ್ಣು ಬಾಯಿಗೆ ಹಾಕಿಕೊಂಡು, ನಮ್ಮ ಮುಖ ನೋಡಿ ನಕ್ಕು ಸುಮ್ಮನಾಗುತ್ತಾರೆ. ಹಣ್ಣೆಲ್ಲ ಒಂದು ವೈನರಿಗೆ ಹೋಗುತ್ತದೆ. ಅಲ್ಲಿ ಹತ್ತೂರಿನ ಹಣ್ಣಿನ ಜೊತೆ ಬೆರೆತು ಹೊರಬಂದಾಗ ಅದರಲ್ಲಿ ನಮ್ಮ ಹೊಲ ಎಲ್ಲಿದೆ ಎಂಬುದು ನಮ್ಮೂರ ದೇವರು ಹಣಮಪ್ಪನಿಗೂ ತಿಳಿಯುವುದಿಲ್ಲ. ಹೋದ ವರ್ಷ ನಾನು ಹಟ ಹಿಡಿದು ನಮ್ಮ ಹಣ್ಣಿನದೇ ಒಂದು ಸಣ್ಣ ಪೀಪಾಯಿ ಬೇರೆ ಮಾಡಿಸಿದೆ. ಅದರಿಂದ ಎರಡು ಬಾಟಲಿ ತಂದು ಜೋಳದ ಚೀಲಗಳ ಹಿಂದೆ ಇಟ್ಟೆ.

ನನ್ನ ಹೆಂಡತಿ ಗಿರಿಜಾಗೆ ಬಳ್ಳಿ ಕಿತ್ತು ದಾಳಿಂಬೆ ಹಚ್ಚುವ ಮನಸ್ಸು. ಕುಷ್ಟಗಿ ಸೀಮೆಯ ತುಂಬ ದಾಳಿಂಬೆ. ಮನೆಮಂದಿ ತಿನ್ನುವ ಹಣ್ಣು, ದೇವರ ಮುಂದೆ ಇಡುವ ಹಣ್ಣು. ಏನು ಬೆಳೆದಿದ್ದೀರಿ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾಗಿಲ್ಲ.

"ಒಂಬತ್ತ ವರ್ಷ ಬೆಳದ್ವಿ. ಅದು ಛಲೋ ಐತೋ ಕೆಟ್ಟೈತೋ ಒಬ್ಬರರ ಹೇಳ್ಯಾರೇನ್ರಿ?" ಎಂದಳು. "ಬಲ್ಲವ್ರು ಒಬ್ಬರು ಮೂಸಿ ನೋಡಿ ಛಲೋ ಐತಿ ಅನ್ಲಿ, ನಾ ಬಳ್ಳಿ ಮುಟ್ಟಂಗಿಲ್ಲ. ಇಲ್ಲಂದ್ರ ಮಳಿ ಹಿಡಿಯೂದ್ರಾಗ ದಾಳಿಂಬ್ರಿ."

ಬಲ್ಲವರು ಯಾರು ಎಂದು ವೈನರಿಯ ಹುಡುಗನನ್ನು ಕೇಳಿದೆ. ಅವನು ವೈನ್ ಮಾಡುವುದನ್ನು ಜಾರ್ಜಿಯಾದಲ್ಲಿ ಕಲಿತು ಬಂದವನು. ಅಮೆರಿಕದ ಜಾರ್ಜಿಯಾ ಅಲ್ಲ. ಕಾಕಸಸ್ ಪರ್ವತದ ತಪ್ಪಲಿನ ಪುಟ್ಟ ದೇಶ, ಲೋಕಕ್ಕೆ ವೈನ್ ಕಲಿಸಿದ್ದೇ ತಾವು ಎಂದು ಹೇಳಿಕೊಳ್ಳುವ ಜನ. ಅಲ್ಲಿಯ ಕಾಖೇತಿ ಸೀಮೆಯ ಒಂದು ಹಳ್ಳಿಯಲ್ಲಿ ತನ್ನ ಗುರು ವಖ್ತಾಂಗ್ ಇದ್ದಾರೆ, ಲೋಟ ಮೂಸಿದರೆ ಬಳ್ಳಿ ಗುಡ್ಡದ ಯಾವ ಮಗ್ಗುಲಿನದು ಎಂದು ಹೇಳುತ್ತಾರೆ, ಅವರು ಒಳ್ಳೆಯದು ಎಂದರೆ ಮುಂದೆ ಯಾರೂ ಮಾತಾಡುವಂತಿಲ್ಲ ಎಂದ. ಅಷ್ಟು ಸಾಕಿತ್ತು. ನನಗೆ ಒಂದು ಹುಚ್ಚು ಹತ್ತಿದರೆ ಅದು ಹತ್ತಿದ್ದೇ.

ಜೊತೆಗೆ ಹೊರಟವರು ಖಾಜಾಭಾಯಿ. ಗಂಗಾವತಿಯಲ್ಲಿ ಅವರದು ಅತ್ತರ್ ಅಂಗಡಿ, ತಾತನ ಕಾಲದ್ದು. ನಾನು ಅಲ್ಲಿ ಕಾಲೇಜು ಓದುವಾಗ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಂದಿನಿಂದ ಇಂದಿನವರೆಗೆ ನನ್ನ ಎಲ್ಲ ಹುಚ್ಚಾಟಗಳಿಗೂ ಅವರು ಸಾಕ್ಷಿ. ನನಗಿಂತ ಐದು ವರ್ಷ ದೊಡ್ಡವರು. ಜನ್ಮದಲ್ಲಿ ವೈನ್ ಮುಟ್ಟಿದವರಲ್ಲ, ಮುಟ್ಟುವವರೂ ಅಲ್ಲ.

"ಕುಡಿಯೂದು ನಿಂದು, ಮೂಸೂದು ನಂದು," ಎಂದರು. "ಮೂಸಿದ್ದಕ್ಕ ಪಾಪ ಇಲ್ಲ ತಮ್ಮಾ."

ತಿಬಿಲಿಸಿ

ರಾಜಧಾನಿ ತಿಬಿಲಿಸಿಯಲ್ಲಿ ಇಳಿದು ಚೀಲ ಬಿಚ್ಚಿದಾಗ ಎರಡರಲ್ಲಿ ಒಂದು ಬಾಟಲಿ ಒಡೆದಿತ್ತು. ಗಿರಿಜಾ ಕಟ್ಟಿಕೊಟ್ಟ ಕಟಕ ರೊಟ್ಟಿ ನೆನೆದು ನೇರಳೆ ಬಣ್ಣಕ್ಕೆ ತಿರುಗಿತ್ತು. ಶೇಂಗಾ ಚಟ್ನಿ ಗಾರೆಯಂತಾಗಿತ್ತು. ಎಲ್ಲದಕ್ಕಿಂತ ಕೆಳಗೆ, ಸುರಕ್ಷಿತವಾಗಿರಲಿ ಎಂದು ಖಾಜಾಭಾಯಿ ನನ್ನ ಚೀಲದಲ್ಲೇ ಇಟ್ಟಿದ್ದ ಅವರ ಬಿಳಿ ಜುಬ್ಬಾ ಇತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ನಾ ಕುಡಿಲಿಲ್ಲ ಅಂದ್ರ ನನ್ನ ಅಂಗಿಗೆ ಕುಡಿಸಿದಿ," ಎಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ನಾನಾಗಿದ್ದರೆ ಒಂದು ವಾರ ಬೈಯುತ್ತಿದ್ದೆ.

ಆ ಊರಿನಲ್ಲಿ ಬೀದಿಬೀದಿಗೆ ವೈನಿನ ನೆಲಮಾಳಿಗೆಗಳು. ಅಂಗಡಿಗಳ ಬಾಗಿಲಲ್ಲಿ ದಾರಕ್ಕೆ ಪೋಣಿಸಿದ ಕಂದು ಬಣ್ಣದ ಉದ್ದುದ್ದ ಬತ್ತಿಗಳು ತೂಗಾಡುತ್ತವೆ. ಚರ್ಚಿಗೆ ಹಚ್ಚುವ ಮೇಣದ ಬತ್ತಿ ಇರಬೇಕೆಂದು ನಾನು ಎರಡು ಕೊಂಡೆ. ಅಂಗಡಿಯಾಕೆ ಒಂದರ ತುದಿ ಮುರಿದು ನನ್ನ ಬಾಯಿಗೆ ಇಟ್ಟಳು. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಕಾಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ತಿಂಡಿ ಅದು. ಖಾಜಾಭಾಯಿ ಮೂರು ದಿನ ಅದನ್ನೇ ಜೇಬಿನಲ್ಲಿಟ್ಟುಕೊಂಡು ತಿಂದರು.

ಮರುದಿನ ಮಧ್ಯಾಹ್ನ ಒಂದು ನೆಲಮಾಳಿಗೆಗೆ ರುಚಿ ನೋಡಲು ಹೋದೆವು. ಅಲ್ಲಿಯ ಹೆಣ್ಣುಮಗಳು ನನ್ನ ಮುಂದೆ ಏಳು ಲೋಟ ಸಾಲಾಗಿ ಇಟ್ಟು, ಪಕ್ಕದಲ್ಲಿ ಒಂದು ತಂಬಿಗೆ ಇಟ್ಟಳು. ಬಾಯಿ ಮುಕ್ಕಳಿಸಿ ಅದರಲ್ಲಿ ಉಗುಳಬೇಕಂತೆ. ವೈನ್ ಬಲ್ಲವರು ಲೋಕದ ತುಂಬ ಹಾಗೆಯೇ ಮಾಡುತ್ತಾರಂತೆ. ನನಗೆ ಮೈಯೆಲ್ಲ ಮುಳ್ಳೆದ್ದಿತು. ನಮ್ಮ ಕಡೆ ಬಡಿಸಿದವರ ಎದುರಿಗೆ ಬಾಯಲ್ಲಿದ್ದದ್ದನ್ನು ಉಗುಳಿದರೆ ಆ ಮನೆಯ ಜೊತೆ ಮಾತು ಮುಗಿದಂತೆ. ಹೆಣ್ಣುಮಗಳೊಬ್ಬಳು ಕೈಯಾರೆ ಸುರಿದುಕೊಟ್ಟದ್ದನ್ನು ಅವಳ ಕಣ್ಣೆದುರೇ ಉಗುಳುವುದೇ? ಏಳನ್ನೂ ನುಂಗಿದೆ. ಅವಳು ಅಚ್ಚರಿಪಟ್ಟು, ಮೆಚ್ಚಿದ್ದಾನೆಂದು ತಿಳಿದು ಇನ್ನೆರಡು ಸುರಿದಳು. ಅವನ್ನೂ ನುಂಗಿದೆ. ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದರಂತೆ. ಹೊರಗೆ ಬಂದು ಎದುರಿಗೆ ಸಿಕ್ಕ ಪೊಲೀಸನಿಗೆ ಹನಿ ನೀರಾವರಿಯ ಬಗ್ಗೆ ಕನ್ನಡದಲ್ಲಿ ಹೇಳತೊಡಗಿದೆನಂತೆ. ಅವನು ತಲೆದೂಗುತ್ತಾ ಪೂರ್ತಿ ಕೇಳಿದನಂತೆ. ಗಂಗಾವತಿಯ ಅತ್ತರ್ ಸಾಹೇಬರು, ತಲೆಯ ಮೇಲೆ ಟೋಪಿ, ಹೆಗಲ ಮೇಲೆ ನಾನು, ಆ ಏರುದಾರಿಯನ್ನು ಹತ್ತಿದರು.

"ಯಾರರ ನಮ್ಮೂರಾವ್ರು ನೋಡಿದ್ರ ಏನ್ ಅಂದಾರು ತಮ್ಮಾ," ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದರು.

ವಖ್ತಾಂಗರ ಅಂಗಳ

ಕಾಖೇತಿಯ ಕಣಿವೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಒಂದು ಕಡೆ ಹಿಮದ ಗೋಡೆ. ಅದರ ಬುಡದಿಂದ ನಮ್ಮ ಕಾಲಿನವರೆಗೆ ದ್ರಾಕ್ಷಿ, ದ್ರಾಕ್ಷಿ, ದ್ರಾಕ್ಷಿ. ಬೇಲಿಯ ಮೇಲೆ, ಮಾಳಿಗೆಯ ಮೇಲೆ, ಬಸ್ ನಿಲ್ದಾಣದ ಕಂಬದ ಮೇಲೂ ಬಳ್ಳಿ. ನಮ್ಮೂರಲ್ಲಿ ಎರಡು ಎಕರೆ ಬಳ್ಳಿ ಇಟ್ಟುಕೊಂಡು ತಲೆ ತಗ್ಗಿಸಿ ನಡೆಯುವವನು ನಾನು. ಇಲ್ಲಿ ಮುದುಕಿಯರು ಬಳ್ಳಿಗೆ ಕೈಮುಗಿದು ಹೋಗುತ್ತಿದ್ದರು.

ವಖ್ತಾಂಗ್ ಎಪ್ಪತ್ತರ ಆಸುಪಾಸಿನ ಎತ್ತರದ ಮನುಷ್ಯ. ಬಿಳಿ ಮೀಸೆ, ಮಣ್ಣು ಹಿಡಿದ ಉಗುರು. ಹೆಂಡತಿ ತೀರಿಹೋಗಿದ್ದಾರೆ. ಮನೆಯಲ್ಲಿ ಒಬ್ಬಳೇ ಮಗಳು ನಿನೋ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಟೀಚರು. ನಾಲ್ಕು ದಿನಕ್ಕೆ ಅವಳ ಮದುವೆ, ಪಕ್ಕದ ಹಳ್ಳಿಯ ಹುಡುಗನ ಜೊತೆ. ಮದುವೆಯ ಮನೆಗೆ ಕರೆಯದೆ ಬಂದೆವಲ್ಲಾ ಎಂದು ನಾವು ಮುದುಡಿಕೊಂಡರೆ, ಅತಿಥಿಯೆಂದರೆ ದೇವರು ಕಳಿಸಿದವನು ಎಂದು ನಿನೋ ತಂದೆಯ ಮಾತನ್ನು ನಮಗೆ ಹೇಳಿದಳು. ತಾಯಿ ಇಲ್ಲದ ಮನೆ, ಆದರೂ ಊಟಕ್ಕೆ ಒತ್ತಾಯ ಮಾಡುವುದರಲ್ಲಿ ನಮ್ಮ ಯಲಬುರ್ಗಾದ ಅತ್ತೆಯಂದಿರು ಇವರ ಮುಂದೆ ಏನೂ ಅಲ್ಲ. ಖಾಜಾಭಾಯಿಗೆಂದು ಹಂದಿಮಾಂಸ ಮುಟ್ಟದ ಪಾತ್ರೆಯಲ್ಲಿ ಅವರೆಯಂಥ ಕಾಳಿನ ಪಲ್ಯ ಬೇಯಿಸಿದರು, ತಂದೂರಿನಂಥ ಒಲೆಯಿಂದ ರೊಟ್ಟಿ ತೆಗೆದುಕೊಟ್ಟರು.

ಊಟದ ನಂತರ ನಮ್ಮನ್ನು ಮನೆಯ ಹಿಂದಿನ ಕಲ್ಲಿನ ಕೊಟ್ಟಿಗೆಗೆ ಕರೆದೊಯ್ದರು. ಒಳಗೆ ಪೀಪಾಯಿ ಇಲ್ಲ, ಯಂತ್ರ ಇಲ್ಲ. ಬರೀ ನೆಲ; ನೆಲದಲ್ಲಿ ಮೂರು ಕಲ್ಲಿನ ಮುಚ್ಚಳ, ಸುತ್ತ ಹಸಿಮಣ್ಣು ಮೆತ್ತಿ ಬಿಗಿ ಮಾಡಿದ್ದು. ಮನುಷ್ಯ ಇಳಿಯುವಷ್ಟು ದೊಡ್ಡ ಮಣ್ಣಿನ ಗುಡಾಣಗಳನ್ನು ಕುತ್ತಿಗೆಯವರೆಗೆ ಹೂಳಿದ್ದಾರೆ. ಅವಕ್ಕೆ ಕ್ವೆವ್ರಿ ಎನ್ನುತ್ತಾರೆ. ಸುಗ್ಗಿಯಲ್ಲಿ ರಸವನ್ನು ಸಿಪ್ಪೆ ಬೀಜದ ಸಮೇತ ಅದರೊಳಗೆ ಸುರಿದು ಮುಚ್ಚಿದರೆ ವಸಂತಕ್ಕೇ ತೆಗೆಯುವುದು. ನಡುವೆ ಮನುಷ್ಯನ ಕೈ ಇಲ್ಲ.

"ಇದು ಹಗೇವು," ಎಂದೆ ನಾನು ಖಾಜಾಭಾಯಿಗೆ.

ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಯ ಮುಂದೆಯೂ ಇತ್ತು. ನೆಲದೊಳಗೆ ಕೊರೆದ ಜೋಳದ ಕಣಜ, ಮೇಲೆ ಕಲ್ಲು, ಕಲ್ಲಿನ ಸುತ್ತ ಮಣ್ಣು. ತೆಗೆದ ಕೂಡಲೇ ಇಳಿಯುವಂತಿರಲಿಲ್ಲ. ದೀಪ ಇಳಿಬಿಟ್ಟು, ಒಳಗಿನ ಕೆಟ್ಟ ಗಾಳಿಗೆ ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದನ್ನು ನಿನೋ ಮೂಲಕ ಹೇಳಿದಾಗ ವಖ್ತಾಂಗ್ ನನ್ನ ಭುಜ ಹಿಡಿದು ಕುಲುಕಿದರು. ಖಾಲಿ ಗುಡಾಣ ತೊಳೆಯಲು ಇಳಿಯುವ ಮೊದಲು ಅವರೂ ಹಾಗೆಯೇ ಮಾಡುತ್ತಾರಂತೆ. ಎಲ್ಲಿಯ ಹನುಮಸಾಗರ, ಎಲ್ಲಿಯ ಕಾಖೇತಿ. ನಮ್ಮ ಹಿರಿಯರೂ ಅವರ ಹಿರಿಯರೂ ತಮ್ಮ ತಮ್ಮ ಒಳ್ಳೆಯದನ್ನೆಲ್ಲ ಮಣ್ಣಿನ ಕೈಗೇ ಕೊಟ್ಟಿದ್ದರು.

ಮೂರರಲ್ಲಿ ದೊಡ್ಡ ಗುಡಾಣದ್ದು ಮದುವೆಯ ವೈನ್. ಮದುವೆಯ ಹಿಂದಿನ ದಿನ ಊರವರ ಎದುರಿಗೆ ಮುಚ್ಚಳ ತೆಗೆಯಬೇಕು, ಮನೆಯ ಯಜಮಾನ ಮೊದಲು ಮೂಸಬೇಕು, ಅವನು ಹೂಂ ಅಂದ ಮೇಲೆ ಉಳಿದವರು. ಅದು ಅವರ ಮನೆಯ ಪದ್ಧತಿ.

ನಾನು ಇನ್ನು ತಡೆಯಲಾರದೆ ನನ್ನ ಬಾಟಲಿ ತಂದು ಮುಂದಿಟ್ಟೆ. ವಖ್ತಾಂಗ್ ಎರಡು ಲೋಟಕ್ಕೆ ಸುರಿದು ಒಂದನ್ನು ಮಗಳಿಗೆ ಕೊಟ್ಟರು. ತಮ್ಮದನ್ನು ತಿರುಗಿಸಿದರು, ಮೂಗು ಇಳಿಸಿದರು, ಒಂದು ಗುಟುಕು ಕುಡಿದರು. ಅವರು ತಲೆಯೆತ್ತಿ ನನ್ನನ್ನೇ ನೋಡಿ, ಎರಡೂ ಕೈ ಅಗಲಿಸಿ ಏನೋ ಹೇಳಿದರು. ನಿನೋ ತನ್ನ ಲೋಟ ಮೂಸಿ ಒಂದು ಗುಟುಕು ಕುಡಿದಿದ್ದವಳು, ಅದನ್ನು ಕೆಳಗಿಟ್ಟು ಹೇಳಿದಳು:

"ಶ್ರೇಷ್ಠ ವೈನ್ ಎನ್ನುತ್ತಾರೆ ಅಪ್ಪ. ಇದರಲ್ಲಿ ತಪ್ಪೇ ಇಲ್ಲವಂತೆ."

ಅಂಗಳಕ್ಕೆ ಓಡಿಬಂದು ಗಿರಿಜಾಗೆ ಫೋನ್ ಮಾಡಿದೆ. ಬಳ್ಳಿ ಉಳಿದವು ಎಂದು ಕೂಗಿದೆ. ಅವಳು, "ಆತ್ರಿ. ಬಳ್ಳಿ ಕೀಳಾಕ ಹೇಳಿದ್ದ ಜೆಸಿಬಿಯಾಂವಗ ಬ್ಯಾಡ ಅಂತ ಹೇಳ್ತೀನಿ," ಎಂದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ ಅವಳು.

ಮಣ್ಣಿನ ಅತ್ತರ್

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಕೂತು ನನ್ನ ವೈನಿಗೆ ಏನು ಹೆಸರಿಡಬೇಕೆಂದು ಯೋಚಿಸುತ್ತಿದ್ದೆ. ಖಾಜಾಭಾಯಿ ನಮಾಜು ಮುಗಿಸಿ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಹೇಳಿದರು.

"ಆ ಹಿರ್‍ಯಾಗ ವಾಸನಿ ತಿಳಿಯಂಗಿಲ್ಲ ತಮ್ಮಾ."

"ಏನಂತೀರಿ ಭಾಯ್?"

"ಈಗ ಅವರ ಮುಂಗೈಗೆ ಅತ್ತರ್ ಹಚ್ಚಿದ್ನಿ. ಮಣ್ಣಿನ ಅತ್ತರ್, ಮದಲನೇ ಮಳಿ ಬಿದ್ದ ನೆಲದ ವಾಸನಿ. ಅವರು ಮೂಸಿದ್ರು, ಮಗಳ್ನ ಕರದು ನನಗ ಹೇಳಿಸಿದ್ರು, ಗುಲಾಬಿ ಭಾಳ ಛಲೋ ಐತಿ ಅಂತ."

ಗುಲಾಬಿಗೂ ಮಣ್ಣಿಗೂ ವ್ಯತ್ಯಾಸ ಅವರಿಗೆ ಗೊತ್ತಿಲ್ಲದೆ ಇರಬಹುದು, ಆ ದೇಶದಲ್ಲಿ ಮಣ್ಣಿಗೆ ಬೇರೆ ವಾಸನೆ ಇರಬಹುದು ಎಂದು ನಾನು ಏನೇನೋ ವಾದಿಸಿದೆ. ಖಾಜಾಭಾಯಿ ಕೇಳಿಸಿಕೊಂಡು ತಲೆಯಲ್ಲಾಡಿಸಿದರು.

"ಊರಿಗೂರ ಮುಖಕ್ಕ ಬಟ್ಟಿ ಕಟ್ಟಿಕೊಂಡ ಆ ಬ್ಯಾನಿ ಬಂದ ವರ್ಷ ನಮ್ಮ ಅಂಗಡಿಗೆ ಇಂಥಾವ್ರು ಎಷ್ಟೋ ಮಂದಿ ಬಂದ್ರು. ವಾಸನಿ ತಿಳಿಯೋ ಮನಷ್ಯಾ ಮೂಸಿದ ಕೂಡ್ಲೆ ಕಣ್ಣ ಮುಚ್ಚತಾನ. ತಿಳೀಲಾರದಾಂವ ಅಂಗಡಿಯಾಂವನ ಮುಖ ನೋಡ್ತಾನ. ನಿನ್ನೆ ನಿನ್ನ ಲೋಟ ಮೂಸಿ ಅವರು ಯಾರನ್ನ ನೋಡಿದ್ರು?"

ನನ್ನನ್ನೇ ನೋಡಿದ್ದರು. ನನ್ನ ಮುಖದಲ್ಲಿ ಏನು ಬೇಕೆಂದು ಬರೆದಿತ್ತೋ ಅದನ್ನೇ ಓದಿ ಹೇಳಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಮುದ್ರ ದಾಟಿ ಬಂದು ಮೂಗಿಲ್ಲದವನ ಕೈಯಲ್ಲಿ ಶಹಬ್ಬಾಸ್‌ಗಿರಿ ತೆಗೆದುಕೊಂಡೆನಲ್ಲ! ಎದ್ದು ಹೋಗಿ ಕೇಳಿಯೇಬಿಡುತ್ತೇನೆ ಎಂದೆ. ಖಾಜಾಭಾಯಿ ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದರು.

"ಮನಿಯಾಗ ಲಗ್ನ ಐತಿ, ಸುಮ್ಮನ ಕುಂದರು. ಅದಿರ್ಲಿ, ನೀ ಗಿರಿಜವ್ವಗ ಏನ್ ಹೇಳ್ತಿ ಈಗ?"

ಬಾಯಿ ಬಿಟ್ಟರೆ ಬಣ್ಣಗೇಡು. ಬಳ್ಳಿ ಉಳಿದಿವೆ, ಅವಳು ಮಾತು ಕೊಟ್ಟಿದ್ದಾಳೆ, ನಾನು ಸುಮ್ಮನಿದ್ದರೆ ಯಾರಿಗೆ ಗೊತ್ತಾಗಬೇಕು? ಆ ಯೋಚನೆ ಬಂದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಆ ದಿನ ಫೋನ್ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ.

ಫೋನಿನ ಬಾಯಿ

ಖಾಜಾಭಾಯಿ ಮತ್ತು ವಖ್ತಾಂಗ್ ನಡುವೆ ಇದ್ದ ಭಾಷೆಯೆಂದರೆ ಒಂದು ಮೊಬೈಲ್ ಫೋನ್. ಇವರು ಹಿಂದಿಯಲ್ಲಿ ಮಾತಾಡಿದರೆ ಅದರೊಳಗಿನ ಹೆಣ್ಣು ದನಿ ಜಾರ್ಜಿಯನ್‌ನಲ್ಲಿ ಹೇಳುತ್ತಿತ್ತು. ಅವರು ಮಾತಾಡಿದರೆ ಅದೇ ಹೆಣ್ಣು ಹಿಂದಿಯಲ್ಲಿ. ಅತ್ತರ್ ಹಚ್ಚಿದ ದಿನದ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ಇಬ್ಬರೂ ಆ ಫೋನನ್ನು ನಡುವೆ ಇಟ್ಟುಕೊಂಡು ಕೂತರು. ನಾನು ಹತ್ತಿರವೇ ಗೋಡೆಗೆ ಒರಗಿ ಮುಖ ಊದಿಸಿಕೊಂಡು ಕೂತಿದ್ದೆ.

ಖಾಜಾಭಾಯಿ ತಮ್ಮ ಮೂಗು ಮುಟ್ಟಿಕೊಂಡು, ಅವರ ಮೂಗು ತೋರಿಸಿ, ಕೈಯಲ್ಲಾಡಿಸಿ 'ಇಲ್ಲ' ಎಂದರು. ಅದಕ್ಕೆ ಫೋನೇ ಬೇಕಾಗಲಿಲ್ಲ. ವಖ್ತಾಂಗ್ ಎದ್ದು ನಿಂತವರು ಮತ್ತೆ ಕೂತರು. ಅಷ್ಟೆತ್ತರದ ಮನುಷ್ಯ ಮೊಣಕಾಲ ನಡುವೆ ತಲೆ ಇಟ್ಟುಕೊಂಡು ಕೂತದ್ದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಒಂದು ಜ್ವರ ಬಂದು ಹೋದಾಗಿನಿಂದ ಹೀಗೆ, ಮೂರು ವರ್ಷವಾಯಿತು ಎಂದರು. ಊರಲ್ಲಿ ಯಾರಿಗೂ ಹೇಳಿಲ್ಲ. ಮಗಳಿಗೂ ಇಲ್ಲ. ಹಳೆಯ ನೆನಪಿನ ಮೇಲೆ, ಇತರರ ಮುಖ ನೋಡಿ ನಡೆಸಿಕೊಂಡು ಬಂದಿದ್ದಾರೆ. ಆದರೆ ಮುಚ್ಚಳ ತೆಗೆಯುವಾಗ ಮೊದಲು ಮೂಸುವವರು ಅವರೇ. ಆಗ ನೋಡಲು ಯಾರ ಮುಖವೂ ಇರುವುದಿಲ್ಲ. ಒಳಗಿನದು ಹುಳಿತು ವಿನೆಗರ್ ಆಗಿದ್ದರೆ? ಮಗಳ ಮದುವೆಯಲ್ಲಿ ಅದನ್ನೇ ಹೂಂ ಎಂದು ಎರಡೂರಿನ ಜನಕ್ಕೆ ಬಡಿಸಿದರೆ? ಖಾಜಾಭಾಯಿ ಪಕ್ಕದಲ್ಲಿ ನಿಂತು ಮೂಸಿ, ಒಳ್ಳೆಯದಿದ್ದರೆ ಟೋಪಿ ಸರಿಪಡಿಸಿಕೊಳ್ಳಬೇಕು, ಕೆಟ್ಟಿದ್ದರೆ ಸುಮ್ಮನಿರಬೇಕು. ಅಷ್ಟು ಉಪಕಾರ ಮಾಡು ಎಂದು ಕೈ ಹಿಡಿದುಕೊಂಡರು. ಫೋನಿನ ಹೆಣ್ಣು ಇದನ್ನೆಲ್ಲ ರೈಲ್ವೆ ನಿಲ್ದಾಣದ ದನಿಯಲ್ಲಿ ಹೇಳುತ್ತಿದ್ದಳು. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಖಾಜಾಭಾಯಿ ತಮ್ಮ ತೋಳಿನ ಮಡಿಕೆಗೆ ಮೂಗು ಒತ್ತಿ ಒಮ್ಮೆ ಉಸಿರೆಳೆದುಕೊಂಡರು. ಅಂಗಡಿಯಲ್ಲಿ ಒಂದು ಅತ್ತರ್ ಮೂಸಿ ಇನ್ನೊಂದು ಮೂಸುವ ಮೊದಲು ಅವರು ಹಾಗೆ ಮಾಡುತ್ತಾರೆ. ತನ್ನ ಮೈಯ ವಾಸನೆಯಿಂದ ಮೂಗು ತೊಳೆಯುವ ರೀತಿ ಅದು. ಆಮೇಲೆ ನಿಧಾನವಾಗಿ ಹೇಳಿದರು. ಮೂಸುವುದು ತನಗೆ ಗೊತ್ತು, ಆದರೆ ವೈನಿನಲ್ಲಿ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೂಂ ಅಂದರೆ ಅದು ಸುಳ್ಳುಸಾಕ್ಷಿ. ಗೊತ್ತಿದ್ದರೂ, ತಾನು ಮದುವೆ ಮುಗಿದ ಮರುದಿನ ಹೋಗುವವನು. ಬರುವ ವರ್ಷ ಯಾರು ಮೂಸಬೇಕು? ಮೂಗು ಮನೆಯದೇ ಇರಬೇಕು. ನಿನ್ನ ಮಗಳಿಗೆ ಹೇಳು.

ವಖ್ತಾಂಗ್ ತಲೆಯೆತ್ತಲಿಲ್ಲ. ಹೆಣ್ಣುಮಗಳು ಮೊದಲು ಮೂಸಿದ ಪದ್ಧತಿ ನಮ್ಮಲ್ಲಿಲ್ಲ ಎಂದಷ್ಟೇ ಹೇಳಿ ಎದ್ದುಹೋದರು.

ಮುಚ್ಚಳ ತೆಗೆದ ದಿನ

ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ ಊರವರು ನೆರೆದರು. ವರನ ಕಡೆಯವರೂ ಬಂದರು. ಮೂರೂ ಮುಚ್ಚಳಗಳ ಮಣ್ಣನ್ನು ಸಲಿಕೆಯಲ್ಲಿ ಕೆರೆದು, ಕಸಬರಿಗೆಯಲ್ಲಿ ಗುಡಿಸಿ, ಒಂದು ಕಣವೂ ಒಳಗೆ ಬೀಳದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ನಾಲ್ಕು ಜನ ಸೇರಿ ದೊಡ್ಡ ಗುಡಾಣದ ಕಲ್ಲನ್ನು ಎತ್ತಿದರು. ಹಾಡು, ಮಾತು ಎಲ್ಲ ನಿಂತಿತು.

ಖಾಜಾಭಾಯಿ ನನ್ನ ಪಕ್ಕದಲ್ಲಿ, ಗುಡಾಣದಿಂದ ಹತ್ತು ಹೆಜ್ಜೆ ದೂರ ನಿಂತಿದ್ದರು. ವಖ್ತಾಂಗ್ ಮೊಣಕಾಲೂರಿ ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು. ಆಮೇಲೆ ತಲೆಯೆತ್ತಿ ಖಾಜಾಭಾಯಿಯ ಕಡೆ ನೋಡಿದರು. ಖಾಜಾಭಾಯಿ ಟೋಪಿ ಮುಟ್ಟಲಿಲ್ಲ. ಮುಖ ತಿರುಗಿಸಿ, ಬಾಗಿಲಲ್ಲಿ ನಿಂತಿದ್ದ ನಿನೋಳನ್ನು ನೋಡತೊಡಗಿದರು.

ವಖ್ತಾಂಗ್ ನೆಲಕ್ಕೆ ಕೈಯೂರಿ ಎದ್ದರು. ಮಗಳ ಹೆಸರು ಹಿಡಿದು ಕರೆದರು. ಎರಡು ಮಾತು ಹೇಳಿದರು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಭಾಷೆ ಬಾರದಿದ್ದರೂ, ತಮ್ಮ ಮೂಗಿನ ಮೇಲೆ ಬೆರಳಿಟ್ಟದ್ದರಿಂದ ನನಗೆ ಅರ್ಥವಾಯಿತು. ಜನರಲ್ಲಿ ಗುಜುಗುಜು ಎದ್ದಿತು. ನಿನೋ ಅಳಲೂ ಇಲ್ಲ, ಬೆರಗಾಗಲೂ ಇಲ್ಲ. ನೆಟ್ಟಗೆ ನಡೆದು ಬಂದು, ತಂದೆ ಊರಿದ ಜಾಗದಲ್ಲೇ ಮೊಣಕಾಲೂರಿದಳು. ಬಾಗಿ ಉಸಿರೆಳೆದಳು. ಕಣ್ಣು ಮುಚ್ಚಿತು.

ತಲೆಯಲ್ಲಾಡಿಸಿದಳು. ದೊಡ್ಡ ಗುಡಾಣ ಬೇಡ. ಎರಡನೆಯದನ್ನು ತೆಗೆಸಿ ಮೂಸಿದಳು, ಕೈಯನ್ನು ಅತ್ತ ಇತ್ತ ತೂಗಿದಳು. ಮೂರನೆಯದು ಎಲ್ಲಕ್ಕಿಂತ ಸಣ್ಣದು, ಮೂಲೆಯಲ್ಲಿತ್ತು. ಅದರ ಕಲ್ಲು ಎತ್ತಿದ ಕೂಡಲೇ ಹತ್ತು ಹೆಜ್ಜೆ ದೂರ ನಿಂತಿದ್ದ ನನಗೂ ಆ ವಾಸನೆ ಬಂತು. ಹೇಗೆ ಹೇಳಲಿ? ಹಸಿ ನೆಲ, ಒಣಗಿದ ಅಂಜೂರ, ಜೇನುಮೇಣ, ಅದರ ಹಿಂದೆ ಇನ್ನೇನೋ. ಚಳಿಗಾಲವಿಡೀ ಕತ್ತಲೆಯಲ್ಲಿ ಒಬ್ಬಂಟಿಯಾಗಿ ಕೂತು ಅದು ಏನನ್ನು ಕಲಿತಿತ್ತೋ ಅದು. ನನ್ನ ಕೈಗಳು ತಾವಾಗಿಯೇ ಮುಗಿದವು. ಖಾಜಾಭಾಯಿ ಕಣ್ಣು ಮುಚ್ಚಿ, ಸದ್ದಿಲ್ಲದೆ, "ಸುಭಾನಲ್ಲಾ" ಎಂದರು.

ನಿನೋ ಒಣ ಸೋರೆಬುರುಡೆಯ ಸೌಟಿನಲ್ಲಿ ತೆಗೆದದ್ದು ಕಾಸಿದ ಬೆಲ್ಲದ ಬಣ್ಣದ ವೈನ್. ವಖ್ತಾಂಗ್ ಅದನ್ನು ಮಣ್ಣಿನ ಬಟ್ಟಲಿಗೆ ಸುರಿದು, ಪದ್ಧತಿ ಬಿಟ್ಟು, ತಾವು ಮೊದಲು ಕುಡಿಯದೆ ಮಗಳಿಗೆ ಕೊಟ್ಟರು. ಅವಳು ಕುಡಿದು ಏನೋ ಹೇಳಿದಳು. ಅವರು ಅವಳ ಹಣೆಗೆ ಮುತ್ತಿಟ್ಟು ಹಾಗೆಯೇ ನಿಂತುಬಿಟ್ಟರು. ಏನು ಹೇಳಿದೆ ಎಂದು ನಾನು ಆಮೇಲೆ ನಿನೋಳನ್ನು ಕೇಳಿದೆ.

"ನನಗೆ ಮೂರು ವರ್ಷದಿಂದ ಗೊತ್ತಿತ್ತು ಎಂದೆ," ಎಂದಳು. "ಅಪ್ಪ ನನ್ನನ್ನು ಕೇಳಲಿ ಎಂದು ಕಾಯುತ್ತಿದ್ದೆ."

ಮದುವೆಯ ಬೆಳಿಗ್ಗೆ

ಹಾಗಾದರೆ ನನ್ನ ವೈನ್? ಮದುವೆಯ ದಿನದ ಬೆಳಿಗ್ಗೆ, ಅವಳು ಅಲಂಕಾರಕ್ಕೆ ಕೂರುವ ಮೊದಲು, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಆ ದಿನ ನೀನೂ ಲೋಟ ಮೂಸಿದ್ದೆಯಲ್ಲ, ನನಗೆ ನಿಜ ಬೇಕು ಎಂದೆ. ನನ್ನ ಇಂಗ್ಲಿಷಿಗೆ ಹೆಚ್ಚು ಸುತ್ತುಬಳಸು ಬರುವುದಿಲ್ಲ, ಅದು ಆಗ ಉಪಯೋಗಕ್ಕೆ ಬಂತು.

ನಿನೋ ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟಳು. "ಅಪ್ಪ ಹೇಳಿದ ಮೇಲೆ ನಾನು ಹೇಗೆ ಬೇರೆ ಹೇಳಲಿ? ಹಣ್ಣು ಒಳ್ಳೆಯದು. ನಿಮ್ಮ ನೆಲವೂ ಒಳ್ಳೆಯದು, ಅದು ತಳದಲ್ಲಿ ಗೊತ್ತಾಗುತ್ತದೆ. ಆದರೆ ಮೇಲೆಲ್ಲ ಒಣದ್ರಾಕ್ಷಿಯ ವಾಸನೆ. ಹುಳಿ ಸತ್ತಿದೆ, ಗಂಟಲು ಸುಡುತ್ತದೆ. ನೀವು ತಡವಾಗಿ ಕೊಯ್ದಿದ್ದೀರಿ. ಒಂದು ವಾರ, ಹತ್ತು ದಿನ. ಯಾಕೆ ತಡ ಮಾಡಿದಿರಿ?"

ಯಾಕೆಂದರೆ ನಾನು ಹನುಮಸಾಗರದವನು. ನಮ್ಮ ಕಡೆ ದ್ರಾಕ್ಷಿ ಎಂದರೆ ಸಿಹಿ. ಬೆರಳಿಗೆ ಅಂಟಬೇಕು, ನಾಲಿಗೆಯಲ್ಲಿ ಬೆಲ್ಲವಾಗಬೇಕು, ಆಗಲೇ ಹಣ್ಣು. ತಿನ್ನುವ ದ್ರಾಕ್ಷಿಯನ್ನೂ 'ಸಕ್ಕರಿ ಇಳೀಲಿ' ಎಂದು ಕಾದೇ ಕೊಯ್ಯುವುದು. ನಮ್ಮ ಪೀಪಾಯಿ ಬೇರೆ ಮಾಡುವಾಗ ವೈನರಿಯ ಹುಡುಗ ಫೋನ್ ಮಾಡಿ ಈಗಲೇ ಕಡಿಯಿರಿ ಎಂದ. ನನ್ನ ಹೆಸರಿನ ವೈನಿಗೆ ನಾನು ಹುಳಿ ಹಣ್ಣು ಕೊಡುವವನಲ್ಲ ಎಂದು ಬಡಾಯಿ ಕೊಚ್ಚಿ, ದಿನ ಮುಂದೂಡಿ, ಬಳ್ಳಿಯ ಮೇಲೇ ಬೇಯಲು ಬಿಟ್ಟೆ. ಇದನ್ನೆಲ್ಲ ನಿನೋಗೆ ಹೇಳಿದಾಗ ಅವಳು ಮದುಮಗಳೆಂಬುದನ್ನೂ ಮರೆತು ನಕ್ಕಳು. ವಿಚಿತ್ರವೆಂದರೆ ನನಗೆ ಬೇಸರವಾಗಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಹೊಲವನ್ನು ನಿಜವಾಗಿ ಮೂಸಿ ನೋಡಿದ್ದರು.

ಅಂಗಳಕ್ಕೆ ಬಂದೆ. ಬಳ್ಳಿಯ ಚಪ್ಪರದ ಕೆಳಗೆ ವಖ್ತಾಂಗ್ ಮತ್ತು ಖಾಜಾಭಾಯಿ ಮೇಜುಗಳ ಮೇಲೆ ಬಟ್ಟೆ ಹಾಸುತ್ತಿದ್ದರು. ಮಾತಿಗೆ ಫೋನ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ಗಿರಿಜಾಗೆ ಫೋನ್ ಹಚ್ಚಿದೆ. ಅವಳು ಹೊಲದಲ್ಲಿದ್ದಳು, ಹಿಂದೆ ಹೆಣ್ಣಾಳುಗಳ ಮಾತು ಕೇಳುತ್ತಿತ್ತು. ಮುಚ್ಚಿಡದೆ ಎಲ್ಲ ಹೇಳಿದೆ. ಹೊಗಳಿದವರಿಗೆ ಮೂಗಿಲ್ಲ, ಮೂಗಿದ್ದವಳು ಹೊಗಳಲಿಲ್ಲ, ನನಗೆ ಮೂರು ದಿನದ ಹಿಂದೆಯೇ ಗೊತ್ತಿದ್ದೂ ನಿನಗೆ ಹೇಳಲಿಲ್ಲ. ದಾಳಿಂಬೆ ಹಚ್ಚುವುದಾದರೆ ಹಚ್ಚು, ನಾನು ಎದುರಾಡುವುದಿಲ್ಲ.

ಆ ಕಡೆ ಅವಳು ಹೆಣ್ಣಾಳುಗಳಿಗೆ 'ತಡೀರಿ' ಎಂದದ್ದು ಕೇಳಿಸಿತು.

"ಆಕಿ ಏನಂದ್ಲು? ಹತ್ತ ದಿನ ತಡಾ ಆತು ಅಂದ್ಲೇನ್ರಿ?"

"ಹೂಂ."

"ನಾನೂ ಅದನ್ನ ಹೇಳಿದ್ನೆಲ್ರಿ. ಕಡಿಯಾಕ ಬಂದ ಹೆಣ್ಣಮಕ್ಕಳೂ ಹೇಳಿದ್ರು, ಅಕ್ಕಾ, ಹಣ್ಣ ಬಾಡಾಕತ್ತಾವ, ವಾಸನಿ ಹೊಂಟೈತಿ ಅಂತ. ನೀವು ಒಳಗ ಹೋಗ್ರಿ, ನಿಮಗೇನ್ ತಿಳೀತೈತಿ ಅಂದ್ರಿ."

ಅಂದಿದ್ದೆ. ನನಗೆ ನೆನಪಾಯಿತು. ಅವಳು ಒಂದು ಗೊನೆಯನ್ನು ಕೈಯಲ್ಲಿ ಹಿಡಿದು ನನ್ನ ಮೂಗಿನವರೆಗೆ ತಂದಿದ್ದಳು, ನಾನು ಕೈ ತಳ್ಳಿದ್ದೆ.

"ಈಗ ಏನ್ ಮಾಡ್ತಿ ಗಿರಿಜಾ?" ಎಂದೆ.

"ಬಳ್ಳಿ ಇರ್ಲಿ," ಎಂದಳು. "ಬರೂ ಸುಗ್ಗಿಗೆ ಯಾವತ್ತ ಕಡೀಬೇಕು ಅಂತ ನಾ ಹೇಳ್ತೀನಿ. ನೀವು ಬುಟ್ಟಿ ಹೊರ್ರಿ."